ಕಾಗದದ ಅಕ್ಷರ ಕಂಪ್ಯೂಟರಿಗೆ: ಓದುಗರ ಪ್ರಶ್ನೆ, ಬಳ್ಳಾರಿಯಿಂದ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ. ಫೋಟೋದಲ್ಲೋ ಸ್ಕ್ಯಾನ್‌ನಲ್ಲೋ ಇರುವ ಬರಹವನ್ನು ತಿದ್ದಲು ಬರುವ ಅಕ್ಷರ ಮಾಡಿಕೊಳ್ಳುವುದು ಹೇಗೆ? ಇದನ್ನು ಓಸಿಆರ್ ಅಂತಾರೆ. ಚಿತ್ರದಲ್ಲಿರುವ ಆಕಾರ ನೋಡಿ ಇದು 'ಕ', ಇದು 'ಗ' ಎಂದು ಗುರುತಿಸುವ ತಂತ್ರಾಂಶ. ಬಳ್ಳಾರಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ನನಗೆ ಇದು ದಿನದ ಕೆಲಸ. ಯಾರೇ ಬರಲಿ, ನಾನು ಮೊದಲು ಕೇಳುವುದು ಒಂದೇ: ನಿಮ್ಮ ಕಾಗದ ಎಂಥದು? ಅಚ್ಚಾದದ್ದಾ, ಕೈಬರಹವಾ, ಕಂಪ್ಯೂಟರಿನಲ್ಲೇ ಹುಟ್ಟಿದ್ದಾ? ಅದು ಗೊತ್ತಾದ ಮೇಲೆಯೇ ಯಾವ ದಾರಿ ಎಂದು ಹೇಳಲು ಸಾಧ್ಯ.

ಪ್ರಶ್ನೆ: ನಮ್ಮ ತಂದೆ ಊರಿನ ಹಬ್ಬ, ಹಾಡು, ಜಾತ್ರೆಗಳ ಬಗ್ಗೆ ಬರೆದ ಪುಸ್ತಕ 1964ರಲ್ಲಿ ಅಚ್ಚಾಗಿತ್ತು. ಈಗ ಒಂದೇ ಪ್ರತಿ ಉಳಿದಿದೆ. ಮತ್ತೆ ಅಚ್ಚು ಹಾಕಿಸುವ ಆಸೆ. ಮೊಬೈಲಿನಲ್ಲಿ ಫೋಟೋ ತೆಗೆದು ಅಕ್ಷರ ಮಾಡಲು ನೋಡಿದೆ, ಅರ್ಧಂಬರ್ಧ ಬಂತು. ಎರಡು ಪುಟದ ಫೋಟೋ ಕಳಿಸಿದ್ದೇನೆ.
(ನಿವೃತ್ತ ಶಿಕ್ಷಕರು, ಕುರುಗೋಡು)

ಉತ್ತರ: ಮೇಷ್ಟ್ರೇ, ಫೋಟೋ ನೋಡಿದೆ. ಪುಸ್ತಕವನ್ನು ಅರ್ಧ ತೆರೆದು ಒಂದು ಕೈಯಲ್ಲಿ ಹಿಡಿದಿದ್ದೀರಿ. ಹೊಲಿಗೆಯ ಕಡೆ ಪುಟ ಬಾಗಿ, ಸಾಲುಗಳು ಕೆಳಕ್ಕೆ ಇಳಿದಿವೆ. ಬಲಗಡೆ ಮೂಲೆಗೆ ಮೊಬೈಲಿನ ನೆರಳು ಬಿದ್ದಿದೆ. ನಮ್ಮ ಕಣ್ಣು ಇದನ್ನೆಲ್ಲ ಸರಿಮಾಡಿಕೊಂಡು ಓದಿಬಿಡುತ್ತದೆ. ಯಂತ್ರಕ್ಕೆ ಆ ಅಭ್ಯಾಸ ಇಲ್ಲ. ಬಾಗಿದ 'ವ' ಅದಕ್ಕೆ ಬೇರೆಯೇ ಅಕ್ಷರ. ಹಾಗಾಗಿ ಮೊದಲು ಫೋಟೋ ಸರಿಯಾಗಬೇಕು, ಉಳಿದದ್ದು ಆಮೇಲೆ.

ಸ್ಕ್ಯಾನರ್ ಸಿಕ್ಕರೆ ಅದೇ ಒಳ್ಳೆಯದು. 300 ಡಿಪಿಐ ಇಡಿ, ಅಂದರೆ ಒಂದು ಅಂಗುಲಕ್ಕೆ 300 ಚುಕ್ಕೆ. ಅಕ್ಷರ ಸಣ್ಣದಿದ್ದರೆ 400 ಇಡಿ, ಅದಕ್ಕಿಂತ ಜಾಸ್ತಿ ಬೇಕಾಗಿಲ್ಲ. ಆದರೆ ಹಳೆಯ ಹೊಲಿಗೆಯ ಪುಸ್ತಕವನ್ನು ಸ್ಕ್ಯಾನರಿನ ಮೇಲೆ ಒತ್ತಿದರೆ ಬೆನ್ನು ಕಿತ್ತುಹೋಗುತ್ತದೆ. ಇರುವುದು ಒಂದೇ ಪ್ರತಿ, ಆ ಕೆಲಸ ಮಾಡಬೇಡಿ. ಬೆಳಗಿನ ಹೊತ್ತು ಕಿಟಕಿ ಹತ್ತಿರ ಮೇಜು ಹಾಕಿ. ಪುಸ್ತಕ ಸಲೀಸಾಗಿ ತೆರೆಯುವಷ್ಟೇ ತೆರೆದು, ಎತ್ತಿದ ಬದಿಗೆ ಕೆಳಗಿನಿಂದ ಇನ್ನೊಂದು ಪುಸ್ತಕದ ಆಸರೆ ಕೊಡಿ. ಪುಟದ ಮೇಲೆ ತೆಳು ಗಾಜಿನ ಹಲಗೆ ಇಡಿ. ಹಳೆ ಫೋಟೋ ಫ್ರೇಮಿನ ಗಾಜೂ ನಡೆಯುತ್ತದೆ, ಅಂಚಿಗೆ ಟೇಪ್ ಸುತ್ತಿಕೊಳ್ಳಿ. ಮೊಬೈಲ್ ನೇರ ಮೇಲಿನಿಂದ, ಪುಟಕ್ಕೆ ಸಮನಾಗಿ ಇರಬೇಕು. ಫ್ಲ್ಯಾಶ್ ಬೇಡ, ಗಾಜಿನಲ್ಲಿ ಬೆಳಕು ಹೊಡೆಯುತ್ತದೆ. ಒಂದು ಫೋಟೋಕ್ಕೆ ಒಂದೇ ಪುಟ.

ಆಮೇಲೆ ಗೂಗಲ್ ಡ್ರೈವ್. ಕಂಪ್ಯೂಟರಿನಲ್ಲಿ ತೆರೆದು ಪುಟದ ಚಿತ್ರ ಏರಿಸಿ. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯುವ ಆಯ್ಕೆ ಕೊಡಿ. ಮೇಲೆ ಚಿತ್ರ, ಕೆಳಗೆ ಅಕ್ಷರ ಬರುತ್ತದೆ. ಚಿತ್ರದ ತೂಕ 2 ಎಂಬಿ ಒಳಗಿದ್ದರೆ ಒಳ್ಳೆಯದು, ಪುಟ ತಲೆಕೆಳಗೋ ಅಡ್ಡವೋ ಇರಬಾರದು. ಇಡೀ ಪುಸ್ತಕವನ್ನು ಒಂದೇ ಪಿಡಿಎಫ್ ಮಾಡಿ ಹಾಕುವುದು ಬೇಡ, ತುಂಡು ತುಂಡಾಗಿ ಹಾಕಿ.

ಇಲ್ಲಿಂದ ಮುಂದಿನ ಕೆಲಸವೇ ಮುಖ್ಯ. ನಿಮ್ಮ ಪುಟವನ್ನು ನಾನೇ ಒಮ್ಮೆ ಹಾಕಿ ನೋಡಿದೆ. ಪುಸ್ತಕದಲ್ಲಿ 'ಕಾರ್ತಿಕ' ಎಂದಿರುವ ಕಡೆ ಯಂತ್ರ 'ಕಾತಿ೯ಕ' ಎಂದು ಓದಿದೆ. ಅರ್ಕಾವೊತ್ತೂ ಕನ್ನಡದ ಒಂಬತ್ತೂ ನೋಡಲು ಒಂದೇ ಥರ ಅಲ್ವಾ, ಅದಕ್ಕೆ. ಸೀಸದ ಅಕ್ಷರ ಜೋಡಿಸಿ ಒತ್ತುತ್ತಿದ್ದ ಆ ಕಾಲದ ಮೊಳೆ ಅಚ್ಚಿನಲ್ಲಂತೂ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಹಾಗಂತ ಎಲ್ಲ '೯' ಹುಡುಕಿ ಒಟ್ಟಿಗೆ ಬದಲಿಸಬೇಡಿ. ಪುಸ್ತಕದಲ್ಲಿ ಇಸವಿಗಳೂ ಕನ್ನಡ ಅಂಕಿಯಲ್ಲೇ ಇವೆ, ೧೯೬೪ ಕೆಟ್ಟುಹೋಗುತ್ತದೆ. '೯' ಹುಡುಕುತ್ತಾ ಹೋಗಿ. ಹಿಂದೆ ಅಂಕಿ ಇದ್ದರೆ ಬಿಡಿ, ಅಕ್ಷರ ಇದ್ದರೆ ಅರ್ಕಾವೊತ್ತು ಎಂದು ತಿಳಿದು ತಿದ್ದಿ.

ಇನ್ನೊಂದು ಮಹಾಪ್ರಾಣ. ಸವೆದ ಮೊಳೆಯಲ್ಲಿ ಅಕ್ಷರದ ಕೆಳಗಿನ ಸೀಳು ಮೂಡಿರುವುದಿಲ್ಲ. 'ಧನ' ಹೋಗಿ 'ದನ' ಆಗುತ್ತದೆ, 'ಭಾರ' ಹೋಗಿ 'ಬಾರ' ಆಗುತ್ತದೆ. ಎರಡೂ ಕನ್ನಡದ ಪದಗಳೇ ಆದ್ದರಿಂದ ಕಾಗುಣಿತ ನೋಡುವ ತಂತ್ರಾಂಶಕ್ಕೆ ಇದು ಸಿಗುವುದೇ ಇಲ್ಲ. 'ಪ' ಇದ್ದಲ್ಲಿ 'ಷ' ಬರುವುದೂ ಇದೆ. ಒತ್ತಕ್ಷರದ ಕಥೆ ಬೇರೆ. ನಿಮ್ಮ ಪುಸ್ತಕದಲ್ಲಿ ಸಾಲುಗಳು ಹತ್ತಿರ ಹತ್ತಿರ ಇವೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದ ಕಡೆಯೆಲ್ಲ ಒತ್ತು ಕಳೆದುಹೋಗಿದೆ. 'ಅಮ್ಮ' ಬರೀ 'ಅಮ' ಆಗಿದೆ.

ಇದಕ್ಕೆ ಹಳೆಯ ಪ್ರೆಸ್ಸಿನವರ ಪದ್ಧತಿಯೇ ಸರಿ. ಇಬ್ಬರು ಕೂರಬೇಕು. ಒಬ್ಬರು ಮೂಲ ಪುಸ್ತಕ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡಬೇಕು. ಓದುವವರು 'ಇಲ್ಲಿ ಮಹಾಪ್ರಾಣ', 'ಇಲ್ಲಿ ಒತ್ತು' ಎಂದು ಹೇಳುತ್ತಾ ಹೋಗಬೇಕು. ನಿಮ್ಮ ಮನೆಯಲ್ಲಿ ಓದುವ ಮೊಮ್ಮಕ್ಕಳಿದ್ದರೆ ಅವರನ್ನು ಪರದೆ ಮುಂದೆ ಕೂರಿಸಿ. ತಂದೆಯವರು ಬರೆದದ್ದು ಅವರ ಕಿವಿಗೂ ಬೀಳುತ್ತದೆ. ಊರಿನವರ ಹೆಸರು, ಹೊಲಗಳ ಹೆಸರು, ಹಾಡಿನ ಸಾಲು, ಈ ಮೂರನ್ನು ಎರಡನೇ ಸಲವೂ ನೋಡಿ. ಯಾಕೆಂದರೆ ಇವು ಯಾವ ನಿಘಂಟಿನಲ್ಲೂ ಇಲ್ಲ. ಈ ಪುಸ್ತಕದಲ್ಲಿ ತಪ್ಪಾದರೆ ಮುಂದೆ ಅದೇ ಉಳಿದುಬಿಡುತ್ತದೆ.

ಹಕ್ಕಿನ ಮಾತು: ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ತಂದೆಯವರು ಅದನ್ನು ಬೇರೆಯವರಿಗೆ ಬರೆದುಕೊಟ್ಟಿಲ್ಲದಿದ್ದರೆ ಅದು ನಿಮ್ಮ ಕುಟುಂಬದ್ದು. ನೀವೆಲ್ಲ ಒಪ್ಪಿ, ಯಾರು ಬೇಕಾದರೂ ಬಳಸಬಹುದು ಎನ್ನುವ ಮುಕ್ತ ಪರವಾನಗಿ ಕೊಟ್ಟರೆ ಪುಸ್ತಕವನ್ನು ಇಂಟರ್ನೆಟ್ಟಿನ ಪುಕ್ಕಟೆ ಪುಸ್ತಕ ಭಂಡಾರವಾದ ಕನ್ನಡ ವಿಕಿಸೋರ್ಸ್‌ಗೂ ಏರಿಸಬಹುದು. ಅಲ್ಲಿ ಪುಟದ ಚಿತ್ರ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಒಬ್ಬರು ತಿದ್ದಿದ ಪುಟಕ್ಕೆ ಹಳದಿ ಬಣ್ಣ, ಮತ್ತೊಬ್ಬರು ನೋಡಿ ಒಪ್ಪಿದ ಮೇಲೆ ಹಸಿರು. ಅಚ್ಚು ಹಾಕಿಸುವುದರ ಜೊತೆಗೆ ಇದನ್ನೂ ಯೋಚಿಸಿ ಎಂದು ನನ್ನ ಬೇಡಿಕೆ. ಕುರುಗೋಡಿನ ಹಾಡನ್ನು ಯಾರಾದರೂ ದೂರದಲ್ಲಿ ಕುಳಿತು ಹುಡುಕಿದರೆ ಸಿಗಬೇಕು.

ಪ್ರಶ್ನೆ: ನಮ್ಮ ಸಹಕಾರ ಸಂಘದ ಹಳೆಯ ವಾರ್ಷಿಕ ವರದಿಗಳು ಪಿಡಿಎಫ್‌ನಲ್ಲಿವೆ. ತೆರೆದರೆ ಚೆನ್ನಾಗಿ ಕನ್ನಡ ಕಾಣುತ್ತದೆ. ಕಾಪಿ ಮಾಡಿ ವರ್ಡ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ಏನೇನೋ ಬರುತ್ತದೆ. ಯಾವ ಓಸಿಆರ್ ಆಪ್ ಹಾಕಿಕೊಳ್ಳಲಿ?
(ಸಂಘದ ಕಾರ್ಯದರ್ಶಿ, ಸಿಂಧನೂರು)

ಉತ್ತರ: ಸರ್, ನಿಮಗೆ ಓಸಿಆರ್ ಬೇಡವೇ ಬೇಡ. ಪಿಡಿಎಫ್ ತೆರೆದು ಒಂದು ಸಾಲಿನ ಮೇಲೆ ಮೌಸ್ ಎಳೆದು ನೋಡಿ. ಸಾಲು ನೀಲಿಯಾದರೆ ಒಳಗೆ ಅಕ್ಷರ ಈಗಾಗಲೇ ಇದೆ ಎಂದರ್ಥ. ಏನೂ ಆಗದಿದ್ದರೆ ಮಾತ್ರ ಅದು ಬರೀ ಚಿತ್ರ. ನಿಮ್ಮದರಲ್ಲಿ ಅಕ್ಷರ ಇದೆ, ಆದರೆ ಅದು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನದು.

ಯೂನಿಕೋಡ್ ಎಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಅದರದೇ ಸಂಖ್ಯೆ ಕೊಡುವ ಪದ್ಧತಿ. ಆಗ ಕನ್ನಡಕ್ಕೆ ಅದರ ಬಳಕೆ ಕಡಿಮೆ ಇತ್ತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿ ಫಾಂಟ್ ಮಾಡುತ್ತಿದ್ದರು. ಕಂಪ್ಯೂಟರಿನ ಲೆಕ್ಕಕ್ಕೆ ಅಲ್ಲಿರುವುದು ಇಂಗ್ಲಿಷಿನ ಪಿ, ಫಾಂಟ್ ಅದಕ್ಕೆ 'ಕ' ವೇಷ ಹಾಕಿದೆ. 'ಕನ್ನಡ' ಎಂಬ ಪದವನ್ನು ನುಡಿ ಫಾಂಟಿನಿಂದ ಕಾಪಿ ಮಾಡಿದರೆ ಮೊದಲು ಪಿ, ಆಮೇಲೆ ತಲೆ ಮೇಲೆ ಗೆರೆ ಇರುವ ಎ, ಆಮೇಲೆ ಪೌಂಡ್ ಗುರುತು ಬರುವುದು ಇದಕ್ಕೇ. ಇದನ್ನು ಯೂನಿಕೋಡ್ ಕನ್ನಡಕ್ಕೆ ಬದಲಿಸುವ ಪರಿವರ್ತಕ ನುಡಿ ತಂತ್ರಾಂಶದಲ್ಲೇ ಇದೆ, ಬರಹದಲ್ಲೂ ಇದೆ. ಕಾಪಿ ಮಾಡಿದ್ದನ್ನು ಅಲ್ಲಿ ಹಾಕಿ, ಯೂನಿಕೋಡ್ ಆಯ್ದುಕೊಳ್ಳಿ. ಓಸಿಆರ್‌ಗಿಂತ ಇದು ಎಷ್ಟೋ ಶುದ್ಧ, ಏಕೆಂದರೆ ಇಲ್ಲಿ ಊಹೆ ಇಲ್ಲ. ವರದಿಯ ನಡುವೆ ನಿಜವಾಗಿ ಇಂಗ್ಲಿಷಿನಲ್ಲೇ ಇರುವ ಪದಗಳು ಮಾತ್ರ ಕೆಟ್ಟು ಕನ್ನಡವಾಗುತ್ತವೆ, ಅವನ್ನು ಕೈಯಿಂದ ತಿದ್ದಿ.

ಇದಕ್ಕೆ ತಿರುಗುಮುರುಗಾದ ಕೇಸೂ ಇದೆ. ಹೊಸ ಯೂನಿಕೋಡ್ ಪಿಡಿಎಫ್‌ನಿಂದಲೂ ಕೆಲವೊಮ್ಮೆ ಕಾಪಿ ಮಾಡಿದರೆ ಒತ್ತು ಒಂದು ಕಡೆ, ಕೊಂಬು ಒಂದು ಕಡೆ ಚೆಲ್ಲಾಪಿಲ್ಲಿ ಬರುತ್ತದೆ. ಅದು ಪಿಡಿಎಫ್ ಮಾಡುವಾಗಲೇ ಆದ ಕೆಡುಕು. ಅಂಥದ್ದಕ್ಕೆ ಪುಟವನ್ನು ಚಿತ್ರ ಮಾಡಿ ಓಸಿಆರ್‌ಗೆ ಕೊಡುವುದೇ ಮೇಲು. ಕಂಪ್ಯೂಟರ್ ಅಕ್ಷರ ಸ್ವಚ್ಛ ಇರುವುದರಿಂದ ತಪ್ಪು ತೀರಾ ಕಡಿಮೆ.

ಪ್ರಶ್ನೆ: ನಮ್ಮ ತಾತ ಬಯಲಾಟದ ಮಾಸ್ತರರು. ಅವರು ಕೈಯಲ್ಲಿ ಬರೆದಿಟ್ಟ ಆಟದ ನೋಟ್‌ಬುಕ್ಕುಗಳು ಮನೆಯಲ್ಲಿವೆ. ಕಾಗದ ಹಳದಿಯಾಗಿ ಅಂಚು ಉದುರುತ್ತಿದೆ. ಎಐ ಆಪ್ ಕೈಬರಹವನ್ನೂ ಓದುತ್ತದೆ ಎಂದು ಗೆಳೆಯರು ಹೇಳಿದರು. ನಂಬಬಹುದಾ ಅಕ್ಕ?
(ಪದವಿ ವಿದ್ಯಾರ್ಥಿ, ಸಿರುಗುಪ್ಪ ತಾಲೂಕು)

ಉತ್ತರ: ತಮ್ಮಾ, ಮೊದಲು ಆ ನೋಟ್‌ಬುಕ್ಕುಗಳ ಪ್ರತಿ ಪುಟದ ಫೋಟೋ ತೆಗೆದಿಡು. ಇವತ್ತೇ. ಹೊದಿಕೆ, ಎಣ್ಣೆ ಕಲೆಯ ಪುಟ, ಅಂಚಿನಲ್ಲಿ ಗೀಚಿದ ತಾಳದ ಗುರುತು, ಹಿಂಬದಿಯಲ್ಲಿ ಬರೆದ ಪಾತ್ರಧಾರಿಗಳ ಪಟ್ಟಿ, ಒಂದೂ ಬಿಡಬೇಡ. ಎರಡು ಕಡೆ ಉಳಿಸಿಡು.

ಈಗ ನಿನ್ನ ಪ್ರಶ್ನೆ. ಸಾಮಾನ್ಯ ಓಸಿಆರ್ ಅಚ್ಚಿನ ಅಕ್ಷರಕ್ಕೆ ಮಾಡಿದ್ದು, ಕೈಬರಹಕ್ಕೆ ಅಲ್ಲ. ಹೊಸ ಎಐ ಆಪ್‌ಗಳು ಕೈಬರಹ ಓದುವುದು ನಿಜ, ಕೆಲವು ಪುಟ ಚೆನ್ನಾಗಿಯೇ ಓದುತ್ತವೆ. ಆದರೆ ಅವು ತಿಳಿಯದ ಕಡೆ ಖಾಲಿ ಬಿಡುವುದಿಲ್ಲ. ಮುಂದಿನ ಪದ ಇದಿರಬಹುದು ಎಂದು ಊಹಿಸಿ ತುಂಬಿಬಿಡುತ್ತವೆ. ಹಳೆ ಓಸಿಆರ್ ತಪ್ಪು ಮಾಡಿದರೆ ಅಕ್ಷರ ಒಡೆದು ಕಾಣುತ್ತದೆ, ಕಣ್ಣಿಗೆ ಚುಚ್ಚುತ್ತದೆ. ಎಐ ತಪ್ಪು ಮಾಡಿದರೆ ಸೊಗಸಾದ ಕನ್ನಡ ಸಾಲು ಸಿಗುತ್ತದೆ. ತಾತ 'ಎಲ್ಲಿ ಹೊಂಟಿ' ಎಂದು ಬರೆದಿದ್ದನ್ನು ಅದು 'ಎಲ್ಲಿಗೆ ಹೊರಟಿರುವೆ' ಮಾಡಿ ಕೊಟ್ಟರೆ ಓದಿದವರಿಗೆ ಅನುಮಾನವೇ ಬರುವುದಿಲ್ಲ. ಪದ್ಯದಲ್ಲಿ ಹಾಗಾದರೆ ತಾಳವೇ ತಪ್ಪುತ್ತದೆ. ನಮ್ಮ ಸೀಮೆಯ ಮಾತೇ ಆ ಪುಸ್ತಕದ ಜೀವ. ಅದನ್ನು ಬೆಂಗಳೂರಿನ ಪಠ್ಯಪುಸ್ತಕದ ಕನ್ನಡ ಮಾಡಿ ಉಳಿಸಿದರೆ ಉಳಿಸಿದಂತೆ ಆಗುವುದಿಲ್ಲ.

ಆಪ್ ಬಳಸುವುದಾದರೆ 'ಇದ್ದದ್ದು ಇದ್ದ ಹಾಗೆ ಬರೆ, ತಿದ್ದಬೇಡ, ತಿಳಿಯದ ಕಡೆ ಗೆರೆ ಹಾಕು' ಎಂದು ಸ್ಪಷ್ಟವಾಗಿ ಹೇಳು. ಹಾಗೆ ಹೇಳಿದರೂ ಒಂದೊಂದು ಸಾಲನ್ನೂ ಮೂಲದ ಎದುರು ನೋಡಲೇಬೇಕು.

ನಾನು ಹೇಳುವ ದಾರಿ ಬೇರೆ. ತಾತನ ಜೊತೆ ವೇಷ ಕಟ್ಟಿದವರು, ಹಿಮ್ಮೇಳದಲ್ಲಿ ಹಾಡಿದವರು ಊರಿನಲ್ಲಿ ಇದ್ದೇ ಇರುತ್ತಾರೆ. ನೋಟ್‌ಬುಕ್ಕು ಅವರ ಮುಂದಿಟ್ಟು ಹಾಡಿಸು, ಓದಿಸು. ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿಕೋ. ಅವರು ಹೇಳಿದ್ದನ್ನು ಕೇಳುತ್ತಾ ನೀನು ನಿಧಾನವಾಗಿ ಹೇಳಿದರೆ ಗೂಗಲ್ ಡಾಕ್ಸ್‌ನ ಧ್ವನಿ ಟೈಪಿಂಗ್ ಕನ್ನಡದಲ್ಲೇ ಅಕ್ಷರ ಮಾಡುತ್ತದೆ. ಅದಕ್ಕೆ ಕ್ರೋಮ್ ಬ್ರೌಸರ್ ಇದ್ದರೆ ಸಾಕು. ಅದೂ ಮಾತನ್ನು ತಿದ್ದಲು ನೋಡುತ್ತದೆ, ಆದರೆ ಆಗ ನೀನು ಪಕ್ಕದಲ್ಲೇ ಇರುತ್ತೀಯ, ಕೂಡಲೇ ಸರಿಮಾಡಬಹುದು. ಇನ್ನೂ ದೊಡ್ಡ ಲಾಭ ಇದೆ. ಮಾಸ್ತರರು ಪುಸ್ತಕದಲ್ಲಿ ಪೂರ್ತಿ ಬರೆದಿರುವುದಿಲ್ಲ. ಹಾಡಿನ ಮೊದಲ ಸಾಲು ಬರೆದು ಉಳಿದದ್ದನ್ನು ಬಾಯಲ್ಲಿ ಇಟ್ಟುಕೊಂಡಿರುತ್ತಾರೆ. ಹಾಡಿನ ಧಾಟಿ, ಅಂದರೆ ಮಟ್ಟು ಯಾವುದು, ಎಲ್ಲಿ ಕುಣಿತ, ಎಲ್ಲಿ ಮಾತು ಎನ್ನುವುದು ಆ ಹಿರಿಯರಿಗೆ ಮಾತ್ರ ಗೊತ್ತು. ಯಾವ ಆಪ್‌ಗೂ ಅದು ಕಾಣುವುದಿಲ್ಲ.

ಪ್ರಶ್ನೆ: ಮುತ್ತಜ್ಜನ ಕಾಲದ ಹೊಲದ ಕಾಗದ ಉರ್ದುವಿನಲ್ಲಿದೆ. ಮೊಬೈಲಿನಲ್ಲಿ ತೋರಿಸಿದರೆ ಕನ್ನಡಕ್ಕೆ ಅನುವಾದ ಏನೇನೋ ಕೊಡುತ್ತದೆ, ಸರ್ವೆ ನಂಬರ್ ಒಂದೊಂದು ಸಲ ಒಂದೊಂದು ಬರುತ್ತದೆ. ಕೋರ್ಟಿಗೆ ಕೊಡಬೇಕಿದೆ.
(ರೈತರು, ಯಲಬುರ್ಗಾ)

ಉತ್ತರ: ಅಣ್ಣಾ, ಮೊಬೈಲ್ ಹೇಳಿದ್ದನ್ನು ಕೋರ್ಟಿಗೆ ಕೊಡಬೇಡಿ. ನಿಮ್ಮ ಕಡೆಯ ಹಳೇ ಕಾಗದಗಳ ಸ್ವಭಾವವೇ ಬೇರೆ. ನಿಮ್ಮ ಕೊಪ್ಪಳ ಜಿಲ್ಲೆ 1997ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಆ ಸೀಮೆ 1948ರವರೆಗೆ ನಿಜಾಮರ ಆಡಳಿತದಲ್ಲಿ, ಆಮೇಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿ ಇದ್ದದ್ದು. ಅದಕ್ಕೇ ಕಾಗದಗಳು ಉರ್ದುವಿನಲ್ಲಿ. ನಮ್ಮ ಬಳ್ಳಾರಿ ಮದ್ರಾಸಿನ ಕಡೆ ಇದ್ದದ್ದರಿಂದ ಇಲ್ಲಿ ಆ ತೊಂದರೆ ಕಾಣುವುದಿಲ್ಲ.

ಕಚೇರಿಯ ಗುಮಾಸ್ತರು ವೇಗವಾಗಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆದ ಉರ್ದುವನ್ನು ಇವತ್ತು ಉರ್ದು ಶಾಲೆಯಲ್ಲಿ ಓದಿದವರೇ ತಡವರಿಸಿ ಓದುತ್ತಾರೆ. ಚುಕ್ಕೆಗಳನ್ನು ಎಷ್ಟೋ ಕಡೆ ಬಿಟ್ಟಿರುತ್ತಾರೆ. ಚುಕ್ಕೆ ಬಿಟ್ಟರೆ ಹೆಸರೇ ಬದಲಾಗುತ್ತದೆ. ಹಳೇ ದಾಖಲೆ ಓದಿ ಪಳಗಿದ ಹಿರಿಯರು ಇನ್ನೂ ಇದ್ದಾರೆ. ನಿಮ್ಮ ವಕೀಲರನ್ನು ಕೇಳಿದರೆ ಯಾರೆಂದು ಹೇಳುತ್ತಾರೆ. ಅದೇ ದಾಖಲೆಯ ದೃಢೀಕೃತ ನಕಲಿಗೆ ತಹಶೀಲ್ದಾರ್ ಕಚೇರಿಯಲ್ಲೂ ಅರ್ಜಿ ಹಾಕಿ.

ಒಂದು ಸಣ್ಣ ಸಹಾಯ ನಾನು ಮಾಡಬಲ್ಲೆ. ಕಾಗದದಲ್ಲಿ ಫಸಲಿ ವರ್ಷ, ಅಂದರೆ ಆಗಿನ ಕಂದಾಯ ಲೆಕ್ಕದ ವರ್ಷ, ಇದ್ದರೆ ಅದಕ್ಕೆ 590 ಕೂಡಿಸಿ. ಫಸಲಿ 1350 ಎಂದರೆ 1940-41. ನಿಮ್ಮ ಮನೆಯ ಬೇರೆ ಕಾಗದಗಳ ಜೊತೆ ಇಸವಿ ತಾಳೆ ಹಾಕಲು ಇದು ಬೇಕಾಗುತ್ತದೆ.

ಪ್ರಶ್ನೆ: ಕಲ್ಲಿನ ಶಾಸನದ ಫೋಟೋ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಅಕ್ಷರ ಬರುತ್ತದಾ?
(ಹೈಸ್ಕೂಲ್ ವಿದ್ಯಾರ್ಥಿನಿ, ಮಸ್ಕಿ)

ಉತ್ತರ: ಬರುವುದಿಲ್ಲ ಪುಟ್ಟಿ. ಲೆನ್ಸ್ ಕಲಿತಿರುವುದು ಇವತ್ತಿನ ಅಚ್ಚಿನ ಅಕ್ಷರ. ನಿಮ್ಮೂರಿನಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನ ಬ್ರಾಹ್ಮಿ ಲಿಪಿಯದು. ಹಳಗನ್ನಡದ ಶಾಸನಗಳೂ ಕಷ್ಟವೇ, ಕಲ್ಲಿನ ಬಿರುಕನ್ನೂ ಅದು ಅಕ್ಷರ ಎಂದುಕೊಳ್ಳುತ್ತದೆ. ಆದರೆ ವಿದ್ವಾಂಸರು ಓದಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದ ಸಂಪುಟಗಳಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಜಿಲ್ಲಾವಾರು ಶಾಸನ ಸಂಪುಟ ತಂದಿದೆ. ಆ ಪುಟಕ್ಕೆ ಓಸಿಆರ್ ನಡೆಯುತ್ತದೆ. ಈಗ ಬಳಕೆಯಲ್ಲಿಲ್ಲದ ಹಳಗನ್ನಡದ ಱ, ೞ ಅಕ್ಷರ ಇರುವ ಕಡೆ ಮಾತ್ರ ತಪ್ಪು ಬರುತ್ತದೆ, ನೀನೇ ತಿದ್ದಿಕೋ. ಶಾಸನ ಓದಲು ಕಲಿಯುವ ಆಸೆ ಇದ್ದರೆ ಬಿಡಬೇಡ.

ಪ್ರಶ್ನೆ: ನಮ್ಮದು ಜೆರಾಕ್ಸ್ ಅಂಗಡಿ. ಗಿರಾಕಿಗಳು ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್ ತಂದು ಅದರಲ್ಲಿರುವುದನ್ನು ಅರ್ಜಿಗೆ ಟೈಪ್ ಮಾಡಿಸುತ್ತಾರೆ. ಪುಕ್ಕಟೆ ಓಸಿಆರ್ ವೆಬ್‌ಸೈಟ್‌ಗಳಿಗೆ ಹಾಕಿ ತೆಗೆಯುತ್ತಿದ್ದೇವೆ. ಪರವಾಗಿಲ್ವಾ?
(ಅಂಗಡಿ ಮಾಲೀಕರು, ರಾಯಚೂರು)

ಉತ್ತರ: ದಯವಿಟ್ಟು ನಿಲ್ಲಿಸಿ. ಆ ಸೈಟ್ ಯಾರದ್ದು, ಫೈಲನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ನಿಮಗೆ ತಿಳಿಯುವುದಿಲ್ಲ. ಗಿರಾಕಿಗಂತೂ ತನ್ನ ಆಧಾರ್ ಎಲ್ಲಿಗೆ ಹೋಯಿತು ಎಂಬುದೇ ಗೊತ್ತಿರುವುದಿಲ್ಲ. ನಿಮ್ಮನ್ನು ನಂಬಿ ಕಾಗದ ಕೊಟ್ಟವರು ಅವರು.

ನಿಮಗೆ ಬೇಕಾದದ್ದು ಇಂಟರ್ನೆಟ್ ಇಲ್ಲದೆ ನಡೆಯುವ ತಂತ್ರಾಂಶ. ಟೆಸೆರಾಕ್ಟ್ ಹಾಕಿಕೊಳ್ಳಿ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾದದ್ದು. ಬಿಡಿ ಅಕ್ಷರದ ಬದಲು ಇಡೀ ಸಾಲನ್ನೇ ಓದುವ ರೀತಿ 2018ರ ನಾಲ್ಕನೇ ಆವೃತ್ತಿಯಲ್ಲಿ ಬಂತು. ಆ ಆವೃತ್ತಿ ಅಥವಾ ಅದರ ನಂತರದ್ದೇ ಇರಲಿ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಅದು ಕಪ್ಪು ಪರದೆಯಲ್ಲಿ ಆದೇಶ ಟೈಪ್ ಮಾಡಿ ನಡೆಸುವಂಥದ್ದು. ಅಭ್ಯಾಸ ಇಲ್ಲದಿದ್ದರೆ ಜಿಇಮೇಜ್‌ರೀಡರ್ ಎಂಬುದನ್ನು ಹಾಕಿಕೊಳ್ಳಿ, ಗುಂಡಿ ಒತ್ತಿದರೆ ಸಾಕು, ಒಳಗೆ ಟೆಸೆರಾಕ್ಟ್ ಕೆಲಸ ಮಾಡುತ್ತದೆ. ಕನ್ನಡದ ಭಾಷಾ ಕಡತವನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು, ಇದನ್ನು ಮರೆತವರೇ 'ಕನ್ನಡ ಬರಲ್ಲ' ಎನ್ನುವುದು. ಅಂಕಪಟ್ಟಿಯಲ್ಲಿ ಎರಡೂ ಭಾಷೆ ಇರುವುದರಿಂದ ಕನ್ನಡ, ಇಂಗ್ಲಿಷ್ ಎರಡನ್ನೂ ಆಯ್ದುಕೊಳ್ಳಿ.

ಸಂಜೆ ಅಂಗಡಿ ಮುಚ್ಚುವ ಮೊದಲು ಗಿರಾಕಿಗಳ ಫೈಲುಗಳನ್ನು ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ. ಪೂರ್ತಿ ಆಧಾರ್ ಸಂಖ್ಯೆ ಬೇಡದ ಕಡೆಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತರಲು ಗಿರಾಕಿಗೆ ಹೇಳಿಕೊಡಿ. ಹೆಸರು, ಹುಟ್ಟಿದ ತಾರೀಖು, ನೋಂದಣಿ ಸಂಖ್ಯೆಯನ್ನು ಗಿರಾಕಿಯಿಂದಲೇ ಓದಿಸಿ ತಾಳೆ ನೋಡಿ. ಒಂದು ಅಂಕಿ ತಪ್ಪಿದರೆ ಆ ಹುಡುಗನ ಅರ್ಜಿಯೇ ತಿರಸ್ಕಾರವಾದೀತು.

ಪ್ರಶ್ನೆ: ಅಕ್ಕಿ ಗಿರಣಿಯ ಹಳೇ ಬಿಲ್ಲುಗಳನ್ನು ಎಕ್ಸೆಲ್‌ಗೆ ತರಬೇಕು. ಸಾಲು, ಕಾಲಂ ಎಲ್ಲ ಕಲಸಿಹೋಗುತ್ತಿವೆ.
(ಲೆಕ್ಕ ಬರೆಯುವವರು, ಗಂಗಾವತಿ)

ಉತ್ತರ: ಗೂಗಲ್ ಡಾಕ್ಸ್ ಪಟ್ಟಿಗಳನ್ನು ಸರಿಯಾಗಿ ಹಿಡಿಯುವುದಿಲ್ಲ. ಎಕ್ಸೆಲ್‌ನಲ್ಲೇ ಚಿತ್ರದಿಂದ ಡೇಟಾ ತೆಗೆಯುವ ಸೌಲಭ್ಯ ಇದೆ, ಹೊಸ ಆವೃತ್ತಿ ಬೇಕು. ಇಂಗ್ಲಿಷ್ ಅಂಕಿಯ ಅಚ್ಚಾದ ಬಿಲ್ಲಿಗೆ ಅದು ಸಾಕು. ಅಂಕಿಗಳು ಬಂದ ಮೇಲೆ ಎಕ್ಸೆಲ್‌ನಲ್ಲಿ ಕೂಡಿಸಿ, ಬಿಲ್ಲಿನ ಕೆಳಗಿರುವ ಮೊತ್ತದ ಜೊತೆ ಹೋಲಿಸಿ. ಹೊಂದದಿದ್ದರೆ 1 ಮತ್ತು 7, 3 ಮತ್ತು 8, 5 ಮತ್ತು 6 ಇರುವ ಕಡೆ ಮೊದಲು ಹುಡುಕಿ. ಚೀಲದ ಸಂಖ್ಯೆಯನ್ನೂ ತೂಕವನ್ನೂ ಗುಣಿಸಿ ನೋಡಿದರೆ ಇನ್ನಷ್ಟು ತಪ್ಪು ಸಿಗುತ್ತವೆ. ಕೈಯಲ್ಲಿ ಬರೆದ ಬಿಲ್ಲುಗಳನ್ನು ಮಾತ್ರ ಟೈಪ್ ಮಾಡಿಸಿ, ಅದರಲ್ಲೇ ಸಮಯ ಉಳಿಯುತ್ತದೆ.

ಮುಂದಿನ ಸಲ ಪ್ರಶ್ನೆ ಕಳಿಸುವವರು ಕುರುಗೋಡಿನ ಮೇಷ್ಟ್ರ ಹಾಗೆ ಒಂದು ಪುಟದ ಫೋಟೋ ಜೊತೆಗೆ ಹಾಕಿ. ಹೆಸರು, ನಂಬರ್ ಇರುವ ಭಾಗ ಮುಚ್ಚಿ ಕಳಿಸಿ.